ಎಲ್ಲರೂ ಬೆಚ್ಚಿದ ಮಧ್ಯಾಹ್ನ

ಮಲಗಿದ ಮಕ್ಕಳ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಸದ್ದಿನ ಲೆಕ್ಕವೇ ಬೇರೆ. ಬಾಗಿಲಿನ ಬೋಲ್ಟು, ಕಾಲುಂಗುರ, ನೀರಿನ ಕ್ಯಾನು ಕೆಳಗಿಡುವ ಸದ್ದು, ಇವನ್ನೆಲ್ಲ ನಾವು ಕೈಯಲ್ಲೇ ಹಿಡಿದು ನಿಲ್ಲಿಸಿಬಿಡುತ್ತೇವೆ. ಹೊಸ ಸ್ಪೀಕರ್ ಬಂದ ಮೇಲೆ ಮಾತ್ರ ಕೈಗೆ ಸಿಗದ ಸದ್ದೊಂದು ಕೋಣೆಯ ಒಳಗೆ ಬಂದು ಕೂತಿತು.

ನಮ್ಮ ಬೇಬಿ ಸಿಟ್ಟಿಂಗ್ ಇರುವುದು ಸಿಂಗಸಂದ್ರದಲ್ಲಿ, ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಕೆಳ ಅಂತಸ್ತಿನಲ್ಲಿ. ಅಪ್ಪ ಅಮ್ಮ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕೆ ಹೋಗುವ ಮಕ್ಕಳೇ ಹೆಚ್ಚು. ನಡೆಸುವ ಮೇಡಂ, ಅಡುಗೆಯವರು, ನಾನು, ನನ್ನ ಜೊತೆ ನನಗಿಂತ ಚಿಕ್ಕವಳು ಇನ್ನೊಬ್ಬಳು, ಇಷ್ಟೇ ಜನ. ನನ್ನ ಪಾಲಿಗೆ ಬಂದದ್ದು ಮಧ್ಯಾಹ್ನದ ಕೋಣೆ. ಊಟವಾದ ಮೇಲೆ ಬಾಯಿ ಒರೆಸಿ, ಡೈಪರ್ ಬದಲಿಸಿ, ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ಮಲಗಿಸಿ, ಕೊನೆಯ ಕಣ್ಣು ಮುಚ್ಚುವ ತನಕ ಬೆನ್ನು ತಟ್ಟುತ್ತ ಕೂರುವುದು.

ಆ ಕೋಣೆಯ ಉದ್ದಕ್ಕೂ ಮೇಡಂ ಪ್ಲೈವುಡ್ ಹಲಗೆ ಹೊಡೆಸಿದ್ದರು, ನೆಲದಿಂದ ಒಂದು ಗೇಣು ಎತ್ತರಕ್ಕೆ. ಗ್ರಾನೈಟಿನ ತಂಡಿ ಮಕ್ಕಳಿಗೆ ತಾಗಬಾರದು ಅಂತ. ಹಲಗೆಯ ಮೇಲೆ ತೆಳು ಹಾಸಿಗೆಗಳು. ಚಾರ್ಜಿಗೆ ಹಾಕುವ ಪ್ಲಗ್ ಪಾಯಿಂಟು ಅದೇ ಮೂಲೆಯಲ್ಲಿದ್ದದ್ದರಿಂದ ಸ್ಪೀಕರೂ ಹಲಗೆಯ ಮೇಲೆಯೇ ಕೂತಿತು. ಸಣ್ಣ ತಂಬಿಗೆಯ ಗಾತ್ರದ್ದು, ವೈರಿಲ್ಲದ್ದು. ಟ್ಯಾಬಿನಲ್ಲಿ ಹಾಡಿನ ಆ್ಯಪ್ ಒತ್ತಿದರೆ ಇದರಲ್ಲಿ ಕೇಳಿಸುತ್ತಿತ್ತು.

ಮೊದಲ ವಾರವೇ ತೊಂದರೆ ಶುರುವಾಯಿತು. ಒಂದು ಜೋಗುಳ ಪಿಸುಮಾತಿನ ಹಾಗೆ ಬರುವುದು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಹಾಡು ಬಂದು ಬಡಿಯುವುದು. ಮಕ್ಕಳು ಬೆಚ್ಚಿ, ತುಟಿ ಸೊಟ್ಟ ಮಾಡಿ, ಒಬ್ಬರನ್ನು ನೋಡಿ ಒಬ್ಬರು ಅಳಲು ಶುರು ಮಾಡುವುದು.

"ಅಕ್ಕ, ಇದು ನಮ್ಮತ್ತೆ ಥರಾನೇ" ಅಂದಳು ಜೊತೆಯವಳು. "ಮೆತ್ತಗೆ ಮಾತಾಡ್ತಾ ಮಾತಾಡ್ತಾ ಇದ್ದಕ್ಕಿದ್ದಂಗೆ ಮೈಮೇಲೆ ಬೀಳುತ್ತೆ."

ಹಾಡೇ ಬೇಡ ಅನ್ನೋಣವೆಂದರೆ ಅಷ್ಟರಲ್ಲಿ ಮಕ್ಕಳಿಗೆ ಅಭ್ಯಾಸವಾಗಿ ಹೋಗಿತ್ತು. ಹಾಡು ಹಾಕದಿದ್ದರೆ ಕೂತು ಬಾಗಿಲು ನೋಡುತ್ತಿದ್ದವು. ಹಾಗಾಗಿ ಅದನ್ನು ಸರಿ ಮಾಡುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಬಿಡಿಸಿದ್ದು ಎರಡು ಗುಂಡಿಗಳ ಜಗಳ. ಟ್ಯಾಬಿಗೊಂದು ವಾಲ್ಯೂಮ್, ಸ್ಪೀಕರಿಗೊಂದು ವಾಲ್ಯೂಮ್. ನಾನು ಇಲ್ಲಿ ಇಳಿಸಿದ್ದನ್ನು ಜೊತೆಯವಳು ಅಲ್ಲಿ ಏರಿಸುತ್ತಿದ್ದಳು. ಟ್ಯಾಬಿನದನ್ನು ಒಂದು ಕಡೆ ನಿಲ್ಲಿಸಿ, ಇನ್ನು ಮೇಲೆ ಸ್ಪೀಕರಿನ ಗುಂಡಿ ಮಾತ್ರ ಮುಟ್ಟುವುದು ಅಂತ ಮಾಡಿಕೊಂಡೆವು. ಆದರೂ ಹಾಡಿನಿಂದ ಹಾಡಿಗೆ ಇದ್ದ ಏರುಪೇರು ಹಾಗೇ ಉಳಿಯಿತು. ಆ್ಯಪಿನ ಸೆಟ್ಟಿಂಗ್ಸ್ ಒಳಗೆ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಸ್ವಿಚ್ಚೊಂದಿದೆ ಅಂತ ಮೇಡಂ ಹುಡುಕಿ ಹಾಕಿಕೊಟ್ಟರು. ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲಿನ ಕಾರಣ ತಿಳಿಯಲು ಕೂತು ಕೇಳಬೇಕಾಯಿತು. ಕೆಲವು ಹಾಡು ಬರೀ ತಂಬೂರಿಯಿಂದ ಶುರುವಾಗುತ್ತವೆ, ನಡುವೆ ಡೋಲು ನುಗ್ಗುತ್ತದೆ. ಇಡೀ ಹಾಡನ್ನು ಅಳೆದು ಒಂದು ಮಟ್ಟಕ್ಕೆ ತಂದರೂ ಹಾಡಿನ ಹೊಟ್ಟೆಯೊಳಗಿನ ಏರಿಳಿತ ಎಲ್ಲಿ ಹೋಗಬೇಕು? ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಆಡುವ ಹೊತ್ತಿಗೆ ನಾನು ಬಟ್ಟೆ ಮಡಿಸುತ್ತ ಒಂದೊಂದೇ ಹಾಡನ್ನು ಕೊನೆಯವರೆಗೆ ಕೇಳಿದೆ. ಡೋಲು ಬಂದವನ್ನು ಕಳೆದೆ. ಉಳಿದವನ್ನು ಮೆತ್ತಗಿನದರ ಪಕ್ಕ ಮೆತ್ತಗಿನದು ಬರುವ ಹಾಗೆ ಸಾಲಾಗಿ ಜೋಡಿಸಿದೆ.

ಕಡೆಗೆ ಕಣ್ಣಿಗೆ ಬಿದ್ದದ್ದು ಹಲಗೆ. ಅದರ ಅಡಿ ಪೊಳ್ಳು. ಸ್ಪೀಕರಿನ ದಪ್ಪ ಸ್ವರಗಳೆಲ್ಲ ಹಲಗೆಗೆ ಇಳಿದು ತಮಟೆಯ ಹಾಗೆ ಗುಮ್ಮೆನ್ನುತ್ತಿದ್ದವು. ಮೂಲೆಯ ಮಕ್ಕಳಿಗೆ ಅತಿ, ಬಾಗಿಲ ಬಳಿಯವರಿಗೆ ಕಮ್ಮಿ. ಗೋಡೆಗೆ ಒಂದು ಸಣ್ಣ ಶೆಲ್ಫ್ ಹಾಕಿಸಿ ಸ್ಪೀಕರನ್ನು ಅಲ್ಲಿಗೆ ಏರಿಸಿದೆವು. ಸದ್ದು ಕೋಣೆಯ ತುಂಬ ಒಂದೇ ಸಮನೆ ಹರಡಿತು. ಕೆಲಸ ಮುಗಿಯಿತು ಅಂದುಕೊಂಡೆ.

ಒಬ್ಬ ಹುಡುಗನ ವಿಷಯ ಇಲ್ಲಿ ಹೇಳಬೇಕು. ಎರಡು ವರ್ಷ ದಾಟಿದ್ದ, ಇನ್ನೂ ಮಾತು ಬಂದಿರಲಿಲ್ಲ. ಈ ಊರಿನವರದ್ದೇ ಮನೆ. ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳಿವೆ. ಅಮ್ಮ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಬೋರ್ಡು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬಿಡುವುದು, ಕರೆದುಕೊಂಡು ಹೋಗುವುದು ಎಲ್ಲ ಅಜ್ಜಿ. ಮಗುವಿಗೆ ನಾವು ಇಟ್ಟಿದ್ದ ಹೆಸರು ಡ್ಯಾನ್ಸರ್. ಹಾಡು ಹಾಕಿದ್ದೇ ಎಲ್ಲಿದ್ದರೂ ಓಡಿ ಬಂದು ಸ್ಪೀಕರಿನ ಪಕ್ಕ ಹಲಗೆಯ ಮೇಲೆ ಕೂತು, ಕುಂಡಿ ಎತ್ತಿ ಎತ್ತಿ ಹಾಕಿ ತಾಳಕ್ಕೆ ಸರಿಯಾಗಿ ಕುಣಿಯುತ್ತಿದ್ದ. ನಗೆ ತಡೆಯುತ್ತಿರಲಿಲ್ಲ. ಜೊತೆಯವಳು ಅದನ್ನು ವಿಡಿಯೊ ಮಾಡಿ ಅವನ ಅಮ್ಮನಿಗೆ ಕಳಿಸುತ್ತಿದ್ದಳು. ಶೆಲ್ಫಿಗೆ ಏರಿಸಿದ ದಿನ ಅವನು ಬಂದು ಹಲಗೆಯ ಮೂಲೆಯನ್ನು ಅಂಗೈಯಿಂದ ಮುಟ್ಟಿ ನೋಡಿ ಸುಮ್ಮನೆ ಹೊರಟುಹೋದ.

"ಏನೋ ಡ್ಯಾನ್ಸರ್, ಇವತ್ತು ಮೂಡಿಲ್ವಾ?" ಅಂದಳು ಜೊತೆಯವಳು. ನಾನೂ ನಕ್ಕೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಎಲ್ಲ ಮಕ್ಕಳೂ ಮಲಗಿದ್ದವು. ನಾನು ಬಾಗಿಲ ಬಳಿ ಕೂತು ಬಿಬ್‌ಗಳನ್ನು ಮಡಿಸುತ್ತಿದ್ದೆ. ನನ್ನ ಪಟ್ಟಿಯ ಕೊನೆಯ ಹಾಡು ಮುಗಿಯಿತು. ಮುಗಿದರೆ ನಿಲ್ಲುತ್ತದೆ ಅಂತ ನಾನು ತಿಳಿದಿದ್ದೆ. ಆ್ಯಪ್ ನಿಲ್ಲುವುದಿಲ್ಲ, ತನಗೆ ತೋಚಿದ ಹಾಡನ್ನು ತಾನೇ ಹುಡುಕಿ ಹಾಕುತ್ತದೆ ಅನ್ನುವುದು ಗೊತ್ತಿರಲಿಲ್ಲ. ಒಂದು ಕ್ಷಣ ಮೌನ. ಆಮೇಲೆ ತಮಟೆ, ತುತ್ತೂರಿ, ಹತ್ತಾರು ಜನರ ಕೂಗು, ಎಲ್ಲ ಒಟ್ಟಿಗೆ ಗೋಡೆಯಿಂದ ಕೆಳಗೆ ಬಿತ್ತು.

ನನ್ನ ಕೈಯಲ್ಲಿದ್ದ ಬಟ್ಟೆ ಹಾರಿಹೋಯಿತು. ಮಕ್ಕಳು ಹಾಸಿಗೆಯಿಂದ ಎದ್ದು ಕೂತೇಬಿಟ್ಟವು. ಕೆಲವಕ್ಕೆ ಅಳು ಗಂಟಲಿನಿಂದ ಹೊರಡಲೇ ಇಲ್ಲ, ಬಾಯಿ ಮಾತ್ರ ತೆರೆದಿತ್ತು. ನಾನು ಟ್ಯಾಬಿಗೆ ಓಡಿದರೆ ಅದು ಲಾಕ್ ಆಗಿತ್ತು. ಅವಸರದಲ್ಲಿ ನಂಬರ್ ತಪ್ಪಿತು. ಅದನ್ನು ಬಿಟ್ಟು ಶೆಲ್ಫಿಗೆ ಹೋಗಿ ಗುಂಡಿ ಅದುಮಿ ಹಿಡಿದೆ. ಜೊತೆಯವಳು, ಅಡುಗೆಯವರು, ಮೇಡಂ, ಮೂವರೂ ಬಾಗಿಲಲ್ಲಿ ನಿಂತಿದ್ದರು. ಸದ್ದು ನಿಂತು, ಬರೀ ಅಳು ಉಳಿಯಿತು.

ಎರಡು ಮಕ್ಕಳನ್ನು ಎತ್ತಿಕೊಂಡು ತಿರುಗಿದೆ. ಡ್ಯಾನ್ಸರ್ ಮಲಗಿದ್ದ.

ಮಲಗಿದ್ದ ಅಂದರೆ ಮಗ್ಗುಲು ಕೂಡ ಬದಲಿಸಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಒಂದು ಕೈ ಎದೆಯ ಮೇಲಿತ್ತು. ಅವನ ಎಡಕ್ಕೂ ಬಲಕ್ಕೂ ಮಕ್ಕಳು ಕೂತು ಕಿರುಚುತ್ತಿದ್ದವು. ಮೊದಲು ಬಂದ ಯೋಚನೆ ಬರೆಯಲೂ ಬಾರದಂಥದು. ಎತ್ತಿಕೊಂಡವನ್ನು ಜೊತೆಯವಳ ಕೈಗೆ ದೂಡಿ, ಮೊಣಕಾಲೂರಿ, ಅವನ ಮೂಗಿನ ಮುಂದೆ ಬೆರಳು ಹಿಡಿದೆ. ಬೆಚ್ಚಗಿನ ಉಸಿರು ಬಂತು, ಹೋಯಿತು. ಭುಜ ಮುಟ್ಟಿದೆ. ಮುಟ್ಟಿದ್ದೇ ಕಣ್ಣು ಬಿಟ್ಟ. ನನ್ನ ಮುಖ ನೋಡಿ ನಕ್ಕ. ಆಮೇಲೆ ಪಕ್ಕದ ಮಗು ಅಳುವುದನ್ನು ಕಂಡು, ಇದು ಯಾವಾಗ ಶುರುವಾಯಿತು ಅನ್ನುವ ಹಾಗೆ ಅತ್ತಿತ್ತ ನೋಡಿದ.

ಆ ನೋಟ ನನ್ನನ್ನು ಅಲ್ಲೇ ಕೂರಿಸಿಬಿಟ್ಟಿತು.

ಮಕ್ಕಳಿಗೆಲ್ಲ ಹಾಲು ಕೊಟ್ಟು ಸಮಾಧಾನ ಮಾಡಿದ ಮೇಲೆ ಜೊತೆಯವಳಿಗೆ ಹೇಳಿದೆ. ಅವಳು ನಂಬಲಿಲ್ಲ. "ಅಕ್ಕ, ತಲೆ ಸರಿ ಇದೆಯಾ ನಿಮಗೆ? ಕಿವಿ ಕೇಳದೆ ತಾಳ ಹಾಕ್ತಾನಾ? ಒಳ್ಳೆ ನಿದ್ದೆ ಬಂದಿರುತ್ತೆ ಅಷ್ಟೇ."

"ಹಲಗೆ ಮೇಲೆ ಸ್ಪೀಕರ್ ಇದ್ದಾಗ ಎಲ್ಲರ ಜೊತೆ ಏಳ್ತಿದ್ನಲ್ಲ. ಈಗ್ಯಾಕೆ ಏಳ್ಲಿಲ್ಲ?"

"ನಾಳೆ ನೋಡೇಬಿಡೋಣ" ಅಂದಳು.

ಮರುದಿನ ನೋಡಿದೆವು. ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದೆ. ತಿರುಗಿದ. ಜೊತೆಯವಳು "ನೋಡಿ" ಅಂದಳು. ಆದರೆ ಎದುರಿಗೆ ಕೂತಿದ್ದ ಮಗು ನನ್ನ ಕಡೆ ನೋಡಿತ್ತು, ಅದರ ಕಣ್ಣು ಹಿಡಿದು ಇವನು ತಿರುಗಿದ್ದ. ಒಬ್ಬನನ್ನೇ ಅಡುಗೆಮನೆಯ ಪ್ಯಾಸೇಜಿಗೆ ಕರೆದೊಯ್ದು ಹಿಂದಿನಿಂದ ಲೋಟಕ್ಕೆ ಚಮಚ ಬಡಿದೆ. ಮತ್ತೆ ತಿರುಗಿದ. ಈ ಸಲ ನನ್ನ ನೆರಳು ಅವನ ಮುಂದಿನ ಗೋಡೆಯ ಮೇಲೆ ಬಿದ್ದಿತ್ತು. ದೀಪ ಆರಿಸಿ ಮತ್ತೆ ಬಡಿದೆ. ಅವನು ಚೆಂಡನ್ನು ಉರುಳಿಸುತ್ತಲೇ ಇದ್ದ.

ಆಗ ನಾನು ಶೆಲ್ಫಿನಿಂದ ಸ್ಪೀಕರನ್ನು ಇಳಿಸಿ ಮೊದಲಿನ ಹಾಗೆ ಹಲಗೆಯ ಮೇಲಿಟ್ಟು, ಡೋಲಿನ ಒಂದು ಹಾಡು ಹಾಕಿದೆ. ಡ್ಯಾನ್ಸರ್ ಆಚೆ ತುದಿಯಲ್ಲಿ ಹಲಗೆಯ ಮೇಲೆ ಆಡುತ್ತಿದ್ದವನು ಎದ್ದು ಬಂದ. ಪಕ್ಕದಲ್ಲಿ ಕೂತ. ಕುಣಿಯಲು ಶುರು ಮಾಡಿದ. ನಾನು ಹಾಡನ್ನು ನಿಲ್ಲಿಸದೆ ಸ್ಪೀಕರನ್ನು ಎರಡು ಕೈಯಲ್ಲಿ ಹಿಡಿದು ಹಲಗೆಯಿಂದ ಒಂದು ಅಂಗೈ ಮೇಲಕ್ಕೆತ್ತಿದೆ.

ಅವನು ನಿಂತುಬಿಟ್ಟ. ಸ್ಪೀಕರನ್ನು ನೋಡಿದ, ನನ್ನನ್ನು ನೋಡಿದ. ಹಾಡು ಅಷ್ಟೇ ಜೋರಾಗಿ ಬರುತ್ತಿತ್ತು.

ಕೆಳಗಿಟ್ಟೆ. ಕುಣಿದ. ಎತ್ತಿದೆ. ನಿಂತ. ಈ ಸಲ ಅವನಿಗೆ ಸಿಟ್ಟು ಬಂತು, ಸ್ಪೀಕರನ್ನು ಹಲಗೆಗೆ ಒತ್ತಲು ಎರಡೂ ಕೈ ಚಾಚಿದ.

ಜೊತೆಯವಳು ಬಾಯಿಯ ಮೇಲೆ ಸೆರಗಿಟ್ಟುಕೊಂಡು ಕೆಳಗೆ ಕೂತಳು. "ಅಯ್ಯೋ ದೇವರೇ, ನಾನು ಎಷ್ಟು ವಿಡಿಯೊ ಕಳಿಸಿದ್ದೀನಿ ಅಕ್ಕ" ಅಂದಳು.

ಆ ವಿಡಿಯೊಗಳು ಏನು ಮಾಡಿದ್ದವು ಅಂತ ನಮಗೆ ಸಂಜೆಯೇ ತಿಳಿಯಿತು. ಅಜ್ಜಿ ಬಂದಾಗ ಸುಮ್ಮನೆ ಮಾತಿಗೆಳೆದೆ, ಮಾತು ಯಾವಾಗ ಬರಬಹುದು ಅಂತ.

"ನಮ್ ಮನೇಲಿ ಗಂಡುಡುಗ್ರು ಎಲ್ರೂ ಇಂಗೇ ಕಣಮ್ಮ, ನಿಧಾನ" ಅಂದರು ಅಜ್ಜಿ. "ಇವ್ರಪ್ಪ ಮೂರು ವರ್ಸಕ್ಕೆ ಬಾಯಿ ಬುಟ್ಟಿದ್ದು. ಸೂಜಿ ಆಕಿಸೋಕೆ ಓದಾಗ ಡಾಕ್ಟ್ರೂ ಕೇಳುದ್ರು, ಕಿವಿ ಕೇಳ್ತದಾ ಅಂತ. ನಮ್ ಸೊಸೆ ನೀವು ಕಳ್ಸಿದ್ ವಿಡಿಯೊ ತೋರ್ಸುದ್ಲು. ಡಾಕ್ಟ್ರೇ ನಕ್ಬುಟ್ರು."

ಗೇಟಿನ ಚಿಲಕ ಹಾಕಿ ಒಳಗೆ ಬಂದೆ. ಕೇಳಬೇಕಾದವರು ಕೇಳಿದ್ದರು. ಉತ್ತರ ನಮ್ಮ ಕೋಣೆಯಿಂದ ಹೋಗಿತ್ತು, ಹಲಗೆಯ ಮೇಲೆ ಕೂತು ಕುಣಿಯುವ ಮಗುವಿನ ಚಿತ್ರವಾಗಿ.

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಆದರೆ ನಮ್ಮಲ್ಲಿ ಒಂದು ಕ್ರಮ ಇತ್ತು. ಸಂಜೆ ಗೇಟಿನಲ್ಲಿ ಮಗುವನ್ನು ಒಪ್ಪಿಸುವಾಗ ಊಟ ಮಾಡಿದ, ಮಲಗಿದ, ಆಡಿದ, ಇಷ್ಟು ಮಾತ್ರ ಹೇಳಬೇಕು. ಮಗುವಿನ ಮೈಯ ಬಗ್ಗೆ, ಬೆಳವಣಿಗೆಯ ಬಗ್ಗೆ ನಾವು ಬಾಯಿ ಹಾಕುವ ಹಾಗಿಲ್ಲ. ಹಿಂದೊಮ್ಮೆ ಒಂದು ಮಗು ಇನ್ನೂ ನಡೆಯುತ್ತಿಲ್ಲ ಅಂದದ್ದಕ್ಕೆ ಅದರ ಅಪ್ಪ ಬಂದು ಕೂಗಾಡಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದು, ಎಷ್ಟೋ ಮಕ್ಕಳು ಬಿಟ್ಟು ಹೋಗಿದ್ದವು.

"ನಾವು ಡಾಕ್ಟ್ರಾ?" ಅಂದರು ಮೇಡಂ. "ಸ್ಪೀಕರ್ ಎತ್ತಿದ್ವಿ, ಇಳಿಸಿದ್ವಿ, ನಿಮ್ ಮಗೂಗೆ ಕಿವಿ ಕೇಳಲ್ಲ ಅಂತ ಹೇಳಕ್ಕಾಗತ್ತೇನ್ರೀ? ತಪ್ಪಾಗಿದ್ರೆ?"

"ತಪ್ಪಾಗಿದ್ರೆ ನನ್ನಷ್ಟು ಖುಷಿ ಪಡೋರು ಇನ್ಯಾರೂ ಇರಲ್ಲ ಮೇಡಂ."

"ಆ ಅಜ್ಜಿ ಊರಿಗೆಲ್ಲ ಹೇಳ್ಕೊಂಡು ಬರ್ತಾರೆ."

ಅದೂ ನಿಜವೇ. ಎರಡು ದಿನ ನಾನು ಗೇಟಿನಲ್ಲಿ ನಿಂತು ಊಟ ಮಾಡಿದ, ಮಲಗಿದ, ಆಡಿದ ಅಂತಲೇ ಹೇಳಿ ಕಳಿಸಿದೆ. ಅವನು ಅಜ್ಜಿಯ ಸೊಂಟದ ಮೇಲೆ ಕೂತು, ಅವರು ಮಾತಾಡುವಾಗಲೆಲ್ಲ ಅವರ ತುಟಿಯನ್ನೇ ನೋಡುತ್ತಿದ್ದ. ಅಜ್ಜಿಗೆ ಅದು ಪ್ರೀತಿಯಾಗಿ ಕಾಣುತ್ತಿತ್ತು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಬಾಯಿಂದ ಹೇಳುವುದು ಬೇಡ, ಕಣ್ಣಿಗೆ ತೋರಿಸೋಣ ಅಂತ ತೀರ್ಮಾನ ಮಾಡಿದೆ. ಎಚ್ಚರವಿದ್ದಾಗ ಅವನು ನೆರಳು, ಮುಖ, ಗಾಳಿ ಎಲ್ಲವನ್ನೂ ಹಿಡಿದು ನಮ್ಮನ್ನು ನಂಬಿಸಿಬಿಡುತ್ತಾನೆ. ನಿದ್ದೆಯಲ್ಲಿ ಮಾತ್ರ ಅವನಿಗೆ ಯಾರ ಸಹಾಯವೂ ಇಲ್ಲ. ಮೇಡಂಗೆ ತಿಳಿಸಿಯೇ ಅಮ್ಮನಿಗೆ ಫೋನ್ ಮಾಡಿದೆ. ಮಗು ಚೆನ್ನಾಗಿದ್ದಾನೆ, ಆದರೆ ನಾಳೆ ಮಧ್ಯಾಹ್ನ ಅವನು ಮಲಗುವ ಹೊತ್ತಿಗೆ ಒಮ್ಮೆ ಬಂದು ಹೋಗಬೇಕು ಅಂದೆ. ಮೇಡಂ ತಲೆ ಮೇಲೆತ್ತದೆ, "ಆಫೀಸ್ ರೂಮಲ್ಲಿ ಮಾಡಿ. ಬೇರೆ ಮಕ್ಕಳನ್ನ ಹೆದರಿಸ್ಬೇಡಿ" ಅಂದರು. ಅಷ್ಟೇ ಅಪ್ಪಣೆ.

ಅವಳು ಕಂಪನಿಯ ಐಡಿ ಕಾರ್ಡು ಕೊರಳಲ್ಲೇ ಇಟ್ಟುಕೊಂಡು ಬಂದಳು. ಆಫೀಸ್ ರೂಮಿನ ನೆಲದ ಮೇಲೆ ಹಾಸಿಗೆ ಹಾಕಿ ನಾನು ಮಗುವನ್ನು ಮೊದಲೇ ಮಲಗಿಸಿದ್ದೆ. ಸ್ಪೀಕರನ್ನು ಒಂದು ಬಟ್ಟೆ ಚೀಲದಲ್ಲಿಟ್ಟು ಫ್ಯಾನಿನ ಪಕ್ಕದ ಕೊಕ್ಕೆಗೆ ತೂಗುಹಾಕಿದ್ದೆ, ನೆಲಕ್ಕೂ ಗೋಡೆಗೂ ತಾಗದ ಹಾಗೆ. ಉಳಿದ ಮಕ್ಕಳನ್ನು ಜೊತೆಯವಳು ಹಿಂದಿನ ಅಂಗಳಕ್ಕೆ ಕರೆದೊಯ್ದಿದ್ದಳು.

"ಏನಾಯ್ತು ಆಂಟಿ? ಸರಿಯಾಗಿ ಮಲಗ್ತಿಲ್ವಾ?" ಅಂದಳು, ಪಿಸುಮಾತಿನಲ್ಲಿ. ಮಗುವಿನ ಬಳಿ ಕೂತು, ಕಾರ್ಡು ಅವನಿಗೆ ತಾಗದ ಹಾಗೆ ಕೈಯಲ್ಲಿ ಹಿಡಿದುಕೊಂಡಳು.

"ನಾನೇನೂ ಹೇಳಲ್ಲಮ್ಮ. ನೀವೇ ನೋಡಿ."

ಹಾಡು ಹಾಕಿದೆ. ಮೆತ್ತಗೆ ಶುರು ಮಾಡಿ ನಿಧಾನವಾಗಿ ಏರಿಸಿದೆ. ಅವಳು ಮೊದಲು ನಗುತ್ತ, ಬೇಡ ಅನ್ನುವ ಹಾಗೆ ಕೈ ಆಡಿಸಿದಳು, ಎದ್ದುಬಿಡ್ತಾನೆ ಅಂತ. ಇನ್ನೂ ಏರಿಸಿದೆ. ಕಿಟಕಿಯ ಗಾಜು ಝುಮ್ಮೆನ್ನತೊಡಗಿತು. ಅವಳ ನಗು ಅಲ್ಲೇ ಇತ್ತು, ಆದರೆ ಕಣ್ಣು ಬೇರೆಯಾಯಿತು. ಮಗುವಿನ ಮುಖದ ಹತ್ತಿರ ಬಗ್ಗಿ ನೋಡಿದಳು. ನಾನು ತಲೆಯೆತ್ತಿದರೆ ಬಾಗಿಲಲ್ಲಿ ಮೇಡಂ ನಿಂತಿದ್ದರು, ಎರಡೂ ಕಿವಿಯ ಮೇಲೆ ಕೈಯಿಟ್ಟುಕೊಂಡು.

"ಆಫ್ ಮಾಡಿ ಆಂಟಿ" ಅಂದಳು. ಕೇಳಿಸಲಿಲ್ಲ, ತುಟಿಯಿಂದ ತಿಳಿಯಿತು.

ಆಫ್ ಮಾಡಿದೆ. ಮಗು ನಿದ್ದೆಯಲ್ಲೇ ಒಮ್ಮೆ ತುಟಿ ಚಪ್ಪರಿಸಿ ಆಚೆ ಹೊರಳಿದ.

"ಇವನು ಮಲಗಿದ್ದಾಗ ಮನೇಲಿ ನಾವು ಉಸಿರು ಬಿಡಲ್ಲ ಆಂಟಿ" ಅಂದಳು ಅಮ್ಮ. "ಟಿವಿ ಹಾಕಲ್ಲ. ಕುಕ್ಕರ್ ಇಡಲ್ಲ. ಕಾಲಿಂಗ್ ಬೆಲ್ಲಿನ ವೈರೇ ಕಿತ್ತಾಕಿದ್ದಾರೆ ಇವರಪ್ಪ. ಮಗು ಎದ್ದುಬಿಡುತ್ತೆ ಅಂತ." ಅವಳು ಮಗುವಿನ ಕಿವಿಯನ್ನು ಒಂದು ಬೆರಳಿನಿಂದ ಮುಟ್ಟಿದಳು. ಮುಟ್ಟಿದ್ದೇ ಅವನಿಗೆ ಎಚ್ಚರವಾಯಿತು.

ನನಗೆ ಬೈದರೆ ಬೈಯಲಿ ಅಂತ ಕಾದಿದ್ದೆ. ಅವಳು ಬೈಯಲಿಲ್ಲ. ಮೇಡಂ ಒಳಗೆ ಬಂದು, ಪರಿಚಯದವರೊಬ್ಬರ ಮಗುವನ್ನು ತೋರಿಸಿದ ಆಸ್ಪತ್ರೆಯ ವಿಳಾಸ ಹೇಳಿ, ತಾವೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಟ್ಟರು.

ಆಸ್ಪತ್ರೆಯಿಂದ ಮೊದಲ ಸಲ ಅವರು ಬರಿಗೈಯಲ್ಲಿ ವಾಪಸ್ ಬಂದರು. ತಲೆಗೆ ವೈರು ಅಂಟಿಸಿ ಮಾಡುವ ಆ ಪರೀಕ್ಷೆಗೆ ಮಗು ಮಲಗಿರಬೇಕಂತೆ. ಔಷಧಿ ಕುಡಿಸಿದರೂ ಅಳುತ್ತ, ಅಮ್ಮನ ಮುಖ ನೋಡುತ್ತ, ಅವನು ಮಲಗಲೇ ಇಲ್ಲ. ಎರಡನೆಯ ಸಲ ನನ್ನನ್ನೂ ಕರೆದರು.

ನಾನು ಇಲ್ಲಿ ಮಲಗಿಸುವ ಹಾಗೆಯೇ ಅಲ್ಲೂ ಮಲಗಿಸಿದೆ. ಅವನ ಕೆನ್ನೆ ನನ್ನ ಎದೆಗೆ ಒತ್ತಿಕೊಂಡು ಮೆಲ್ಲಗೆ ಹಾಡುತ್ತ, ಮುಂದಕ್ಕೂ ಹಿಂದಕ್ಕೂ ತೂಗುತ್ತ. ಪರೀಕ್ಷೆ ಮಾಡುವ ಹುಡುಗಿ ವೈರು ಹಿಡಿದು ಕಾಯುತ್ತಿದ್ದಳು.

"ಆಂಟಿ, ಹಾಡ್ತಾನೇ ಇರಿ" ಅಂದಳು. "ಕಿವಿಗಲ್ಲ. ನಿಮ್ಮೆದೆ ಅದುರೋದು ಅವನಿಗೆ ಗೊತ್ತಾಗ್ತಿದೆ."

ಅಷ್ಟು ದಿನ ನನ್ನ ದನಿ ಚೆನ್ನಾಗಿದೆ, ಅದಕ್ಕೇ ಈ ಮಗು ನನ್ನ ಹತ್ತಿರ ಬೇಗ ಮಲಗುತ್ತದೆ ಅಂತ ನನಗೊಂದು ಸಣ್ಣ ಜಂಬವಿತ್ತು. ಅದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.

ಡಾಕ್ಟರು ಮಾತನ್ನು ಸುತ್ತಿ ಬಳಸಲಿಲ್ಲ. ಎರಡೂ ಕಿವಿಯಲ್ಲಿ ಕೇಳುವ ಶಕ್ತಿ ತೀರಾ ಕಮ್ಮಿ. ಪೂರ್ತಿ ಇಲ್ಲವೆಂದಲ್ಲ. ಸದ್ಯ ಎರಡಕ್ಕೂ ಕೇಳಿಸುವ ಮಿಷಿನ್ ಹಾಕಿ ನೋಡೋಣ, ಸಾಲದಿದ್ದರೆ ಆಪರೇಷನ್ ಯೋಚನೆ ಮಾಡೋಣ. ಮಾತು ಕಲಿಯುವ ವಯಸ್ಸು ಇದೇ, ಇನ್ನು ತಡ ಮಾಡಬಾರದು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿಗೆ ಸೊಸೆ ಇದನ್ನು ಹೇಳಿದಾಗ ಅವರು ಅಳಲಿಲ್ಲ. ನನ್ನ ಕಡೆ ತಿರುಗಿದರು.

"ಎರಡು ವರ್ಸದಿಂದ ದಿನಾ ಕತೆ ಏಳ್ತಿದ್ನಲ್ಲ ಕಣಮ್ಮ. ಊಂ ಅನ್ನಂಗೆ ತಲೆ ಆಡುಸ್ತಿದ್ದ. ನಾನ್ ಯಾರ್ಗೆ ಏಳ್ತಿದ್ದೆ ಅಂಗಾರೆ?"

ನಾನು ಅವರ ಪಕ್ಕದಲ್ಲಿ ಕೂತೆ.

ಮಿಷಿನ್ ಬಂದ ಮೇಲೆ ನಿಜವಾದ ದುಡಿಮೆ ಶುರುವಾಯಿತು. ಅವನಿಗೆ ಅದು ಬೇಡವೇ ಬೇಡ. ಹಾಕಿದ ಮೊದಲ ದಿನ ಅಡುಗೆಯವರು ಸ್ಟೀಲಿನ ತಟ್ಟೆ ಎಳೆದ ಸದ್ದಿಗೆ ಮುಖ ಕಪ್ಪಿಟ್ಟು, ಎರಡೂ ಮಿಷಿನ್ ಕಿತ್ತು ಎಸೆದ. ಒಂದು ಸಲ ಮೊಸರನ್ನದಲ್ಲಿ ಸಿಕ್ಕಿತು, ಒಂದು ಸಲ ಬೇರೆ ಮಗುವಿನ ಸಾಕ್ಸಿನಲ್ಲಿ. "ಇವನ ಕಿವಿ ಹುಡುಕೋದೇ ನನ್ನ ಕೆಲಸ ಆಗೋಯ್ತು" ಅಂತ ಜೊತೆಯವಳು ಹಲಗೆಯ ಅಡಿಗೆ ಟಾರ್ಚ್ ಬಿಡುತ್ತಿದ್ದಳು. ಆಮೇಲೆ ದಾರದ ಕ್ಲಿಪ್ಪಿನಿಂದ ಅಂಗಿಯ ಬೆನ್ನಿಗೆ ಸಿಕ್ಕಿಸುವುದನ್ನು ಆಸ್ಪತ್ರೆಯವರು ಹೇಳಿಕೊಟ್ಟರು. ಸ್ನಾನದ ಹೊತ್ತಿಗೆ, ಮಲಗುವ ಹೊತ್ತಿಗೆ ತೆಗೆದು ಡಬ್ಬಿಯಲ್ಲಿಡಬೇಕು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ದಿನದಿನಕ್ಕೆ ಹೊತ್ತು ಹೆಚ್ಚಿಸಬೇಕು. ವಾರಗಟ್ಟಲೆ ಏನೂ ಕಾಣಲಿಲ್ಲ. ಈಗ ಅಜ್ಜಿಯ ಬದಲು ಅವನ ಅಮ್ಮನೇ ಸಂಜೆ ಕರೆದೊಯ್ಯಲು ಗೇಟಿಗೆ ಬಂದು ನನ್ನ ಮುಖ ನೋಡುವಳು, ನಾನು ತಲೆ ಅಡ್ಡಡ್ಡ ಆಡಿಸುವೆ. ಊಟ ಮಾಡಿದ, ಮಲಗಿದ, ಆಡಿದ ಅನ್ನುವುದನ್ನು ನಾವಿಬ್ಬರೂ ಬಿಟ್ಟುಬಿಟ್ಟಿದ್ದೆವು.

ಹಾಡಿನ ಕೆಲಸವನ್ನೂ ಮುಗಿಸಬೇಕಾಯಿತು. ನಮ್ಮ ಕಿವಿಗೆ ಬರೀ ಬೆಚ್ಚಿಬೀಳಿಸುವ ಸದ್ದು ಅವನ ಮಿಷಿನ್ನಿಗೆ ಬಿದ್ದರೆ ಹೊಡೆತದ ಹಾಗೆ, ಒಂದು ಸಲ ಹೆದರಿದರೆ ಮತ್ತೆ ಹಾಕಿಸಿಕೊಳ್ಳುವುದಿಲ್ಲ ಅಂತ ಪರೀಕ್ಷೆ ಮಾಡಿದ ಹುಡುಗಿ ಎಚ್ಚರಿಸಿದ್ದಳು. ಪಟ್ಟಿ ಮುಗಿದ ಮೇಲೆ ಆ್ಯಪ್ ತಾನಾಗಿ ಹಾಡು ಹಾಕುವುದನ್ನು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿದೆ. ಟ್ಯಾಬಿನಲ್ಲಿ ಇದಕ್ಕಿಂತ ಮೇಲೆ ವಾಲ್ಯೂಮ್ ಹೋಗಬಾರದು ಅಂತ ಒಂದು ಮಿತಿ ಇಟ್ಟೆ. ಪಟ್ಟಿಯ ಒಂದೊಂದು ಹಾಡನ್ನೂ ಮತ್ತೆ ಮೊದಲಿಂದ ಕೊನೆಯವರೆಗೆ ಕೇಳಿದೆ. ಈ ಸಲ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಿಷಿನ್ ಹಾಕಿಸಿ, ಅವನ ಹುಬ್ಬು ನೋಡುತ್ತ ಕೇಳಿದೆ. ಹುಬ್ಬು ಗಂಟಿಕ್ಕಿದರೆ ಆ ಹಾಡು ಹೊರಗೆ. ನನಗೆ ತುಂಬ ಇಷ್ಟವಾದ ಎರಡು ಹಾಡು ಹಾಗೇ ಹೋದವು.

ಮೊನ್ನೆ ಮಧ್ಯಾಹ್ನ ಎಂದಿನಂತೆ ಎಲ್ಲರನ್ನೂ ಮಲಗಿಸಿ, ಕಡೆಯಲ್ಲಿ ಅವನ ಹತ್ತಿರ ಬಂದೆ. ಪಟ್ಟಿಯ ಮೊದಲ ಹಾಡು ಮೆಲ್ಲಗೆ ಬರುತ್ತಿತ್ತು, ಬರೀ ಒಬ್ಬ ಹೆಂಗಸಿನ ದನಿ, ಜೊತೆಗೆ ಏನೂ ಇಲ್ಲ. ಡಬ್ಬಿಯ ಮುಚ್ಚಳ ತೆಗೆದು, ಬಲಗಿವಿಯ ಮಿಷಿನ್ ಬಿಚ್ಚಲು ಕೈ ಚಾಚಿದೆ. ಅವನು ತಲೆಯನ್ನು ಆಚೆ ಎಳೆದುಕೊಂಡ. ಆಟವಿರಬೇಕು ಅಂತ ಮತ್ತೆ ಕೈ ಚಾಚಿದೆ. ಅವನು ಅಂಗೈಯಿಂದ ಮಿಷಿನ್ನನ್ನು ಕಿವಿಗೆ ಒತ್ತಿ ಹಿಡಿದುಕೊಂಡ. ನನ್ನನ್ನು ನೋಡುತ್ತಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಣ್ಣು ಸೂರಿನ ಕಡೆಗಿತ್ತು, ಹುಬ್ಬು ಸಡಿಲವಾಗಿತ್ತು.

ನನ್ನ ಕೈ ಗಾಳಿಯಲ್ಲೇ ನಿಂತಿತು. ಮಲಗುವ ಮುಂಚೆ ತೆಗೆಯಬೇಕು ಅನ್ನುವುದು ನಿಯಮ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಅವನು ನಿದ್ದೆ ಹೋಗುವ ತನಕ ಅಲ್ಲೇ ಕೂತಿದ್ದೆ.